ಕಿಮೊ ವಾರ್ಡಿಗೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ನಾಳೆಯಿಂದ ನಿನಗೆ ಕ್ಯಾನ್ಸರ್ ರೋಗಿಗಳಿಗೆ ಔಷಧ ಕೊಡುವ ಕಿಮೊ ವಾರ್ಡಿನಲ್ಲಿ ನರ್ಸ್ ಕೆಲಸ ಎಂದು ಕೇಳಿದಾಗಿನಿಂದ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ. ನಿನ್ನಮ್ಮನ ಆ ವರ್ಷವನ್ನು ಮತ್ತೆ ಹೇಳಬೇಕಿಲ್ಲ. ನೀನು ಕಾಣದ ಒಂದು ಸಂಗತಿ ಮಾತ್ರ ಇದೆ.

ಮತ್ತೊಂದು ಸಲದ ಕಿಮೊಗೆ ಹೋದ ದಿನ ಅಮ್ಮನಿಗೆ ಇನ್ನೂ ಸೂಜಿ ಚುಚ್ಚಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಸ್ಪಿರಿಟ್ ವಾಸನೆ ಮೂಗಿಗೆ ಬಡಿದದ್ದೇ ತಡ, ವಾಂತಿ ಮಾಡಿಕೊಂಡಳು. ಬಾಯಿ ಒರೆಸಿಕೊಂಡು, ಯಾರಾದರೂ ನೋಡಿದರೇನೋ ಎಂದು ಸುತ್ತ ಕಣ್ಣಾಡಿಸಿದಳು. ನೋಡಿದವರೊಬ್ಬರು "ಮನಸ್ಸು ಗಟ್ಟಿ ಮಾಡಿಕೊಳ್ಳಿ" ಎಂದರು. ವಾಂತಿಗಿಂತ ಆ ಮಾತಿಗೆ ಅವಳು ಕುಗ್ಗಿಹೋದಳು. ಮುಂದಿನ ಸಲ ಬಾಗಿಲು ಬರುವ ಮೊದಲೇ ಕರ್ಚೀಫನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ತಾನು ಪುಕ್ಕಲಿ ಎಂದು ಕೊನೆಯವರೆಗೂ ನಂಬಿದ್ದಳು.

ಅದು ಪುಕ್ಕಲುತನವಲ್ಲ ಎಂದು ನೀನು ಓದಿದ್ದೀಯೆ. ಹಿಂದಿನ ಸಲದ ವಾಕರಿಕೆಯನ್ನು ಆ ವಾಸನೆಯೊಂದಿಗೆ ಮೈ ಗಂಟು ಹಾಕಿಕೊಂಡಿರುತ್ತದೆ. ಒಮ್ಮೆ ಬೇರೂರಿದರೆ ಮಾಮೂಲಿ ವಾಂತಿ ಮಾತ್ರೆಗೆ ಸುಲಭವಾಗಿ ಬಗ್ಗುವುದಿಲ್ಲ. ಮೊದಲ ಸಲದಿಂದಲೇ ವಾಂತಿಯನ್ನು ಹತೋಟಿಯಲ್ಲಿಡಬೇಕು. ಆದ್ದರಿಂದ ಹೊಸ ರೋಗಿ ಮನೆಗೆ ಹೊರಟಾಗ, ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದನ್ನು ಅವರ ಬಾಯಿಂದಲೇ ಒಮ್ಮೆ ಹೇಳಿಸು. ಗಾಬರಿಯಲ್ಲಿ ಕೇಳಿದ್ದು ತಲೆಯಲ್ಲಿ ಉಳಿಯುವುದಿಲ್ಲ. "ಏನೂ ಆಗುವುದಿಲ್ಲ" ಎನ್ನಬೇಡ. ಧೈರ್ಯವಿದ್ದರೆ ಗುಣವಾಗುತ್ತದೆ ಎಂದಂತೂ ಎಂದಿಗೂ ಹೇಳಬೇಡ. ರೋಗ ಉಲ್ಬಣಿಸಿದ ದಿನ ಅದನ್ನೂ ತಮ್ಮದೇ ತಪ್ಪೆಂದು ತಲೆಗೆ ಕಟ್ಟಿಕೊಳ್ಳುತ್ತಾರೆ. ಪಕ್ಕದಲ್ಲಿ ಕುಳಿತು, "ಇವತ್ತು ಯಾವುದು ಹೆಚ್ಚು ಕಾಡುತ್ತಿದೆ?" ಎಂದು ಕೇಳು. ಉತ್ತರ ನೋವೇ ಆಗಿರಬೇಕೆಂದಿಲ್ಲ. ಉದುರಿದ ಕೂದಲಿರಬಹುದು, ತೀರದ ಸಾಲವಿರಬಹುದು, ಮಕ್ಕಳಿಗೆ ಹೇಗೆ ಹೇಳುವುದೆಂಬ ಚಿಂತೆಯಿರಬಹುದು.

ಉಪದೇಶಕ್ಕೆ ಇಳಿದುಬಿಟ್ಟೆ, ಕ್ಷಮಿಸು. 1967ರಲ್ಲಿ ಲಂಡನ್ನಿನಲ್ಲಿ, ಗುಣವಾಗದ ರೋಗಿಗಳನ್ನು ಕೊನೆಯವರೆಗೆ ಆರೈಕೆ ಮಾಡುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಸಿಸಿಲಿ ಸಾಂಡರ್ಸ್ ವೈದ್ಯೆಯಾಗುವ ಮೊದಲು ನಿನ್ನಂತೆ ನರ್ಸ್ ಆಗಿದ್ದವರು. ಮೈ, ಮನಸ್ಸು, ಸಂಸಾರ, ಆತ್ಮ ಎಲ್ಲವೂ ಸೇರಿಯೇ ನೋವು ಎಂದವರು ಅವರು. ಅವರು ಹಿಡಿದ ಕೆಲಸವನ್ನೇ ನನ್ನ ಮಗಳೂ ಹಿಡಿದಿದ್ದಾಳೆ ಎಂದರೆ ಎದೆಯುಬ್ಬುತ್ತದೆ.

ಆದರೂ ಭಯ ಬಿಟ್ಟಿಲ್ಲ. ಆ ಹಾಸಿಗೆಗಳಲ್ಲಿ ನಿನಗೆ ಅಮ್ಮನೇ ಕಾಣತೊಡಗಿದರೆ? ಆಗ ಹಿರಿಯ ನರ್ಸಿಗೆ ತಿಳಿಸಿ ಸ್ವಲ್ಪ ಹೊತ್ತು ಹೊರಗೆ ಬಾ, ಸಂಕೋಚ ಪಡಬೇಡ. ರೋಗಿಗಳು ರೇಗಿದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡ. ಹಚ್ಚಿಕೊಂಡೆಯೋ, ಎಷ್ಟೇ ಹೊತ್ತಾಗಿರಲಿ, ಫೋನ್ ಮಾಡು.

ನಿನ್ನ ಅಪ್ಪ