ಓದೋಕೆ, ಬರೆಯೋಕೆ, ಗಮನ ಇಟ್ಟು ಕೂರೋಕೆ ಕಷ್ಟಪಡೋ ಮಕ್ಕಳ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರಿಗೆ ನಮಸ್ಕಾರ,

ದಸರಾ ರಜೆ ಮುಗಿದು ಎಸ್‌ಎ-1 (ಮೊದಲ ಅರ್ಧ ವರ್ಷದ ಪರೀಕ್ಷೆ) ಪ್ರಗತಿ ಪತ್ರ ನಿಮ್ಮ ಕೈಗೆ ಬಂದಿದೆ. ಅದನ್ನ ನೋಡಿ ಸ್ಕೂಲ್ ಹತ್ರ ಬಂದ ಅಮ್ಮಂದಿರು ಅಪ್ಪಂದಿರು ಸುಮಾರು ಜನ ಒಂದೇ ಥರದ ಮಾತು ಹೇಳಿದ್ರಿ. "ಮೇಡಂ, ಬಾಯಲ್ಲಿ ಕೇಳಿದ್ರೆ ಎಲ್ಲಾ ಹೇಳ್ತಾನೆ, ಬರಿ ಅಂದ್ರೆ ಏನೂ ಇಲ್ಲ", "ಐದು ನಿಮಿಷ ಒಂದ್ಕಡೆ ಕೂರಲ್ಲ", "ಟ್ಯೂಷನ್‌ಗೆ ಹಾಕಿದ್ರೂ ಅಷ್ಟೇ, ಹೊಡೆದ್ರೂ ಅಷ್ಟೇ". ಒಬ್ಬೊಬ್ಬರಿಗೂ ಗೇಟ್ ಹತ್ರ ನಿಂತು ಅರ್ಧಂಬರ್ಧ ಹೇಳೋ ಬದಲು ಎಲ್ಲರಿಗೂ ಪೂರ್ತಿಯಾಗಿ ಬರೀತಿದ್ದೀನಿ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಕೊನೇವರೆಗೂ ಓದಿ.

ಮುಖ್ಯವಾದ ವಿಷಯ ಮೊದಲೇ ಹೇಳ್ಬಿಡ್ತೀನಿ. ನಿಮ್ಮ ಮಗುಗೆ ಕ್ಲಾಸಲ್ಲಿ ಸಹಾಯ ಬೇಕು ಅಂತ ಕೇಳೋಕೆ ಯಾವ ಡಾಕ್ಟರ್ ಸರ್ಟಿಫಿಕೇಟೂ ಬೇಡ, ನೀವು ನನಗೆ ಒಂದು ಅರ್ಜಿ ಬರೆದುಕೊಟ್ರೆ ಸಾಕು, ಆ ವಾರದಿಂದ್ಲೇ ನಾವು ಶುರು ಮಾಡ್ತೀವಿ. ಸರ್ಟಿಫಿಕೇಟ್ ಬೇಕಾಗೋದು ಮುಂದೆ ಎಸ್ಸೆಸ್ಸೆಲ್ಸಿ ಪರೀಕ್ಷೆಲಿ ಹೆಚ್ಚಿನ ಸಮಯ, ಬರೆಯೋಕೆ ಸಹಾಯಕರು, ಭಾಷೆಯಲ್ಲಿ ರಿಯಾಯಿತಿ ಇವನ್ನೆಲ್ಲ ಪಡೆಯೋಕೆ. ಅದು ನಿಧಾನದ ಕೆಲಸ, ಹಾಗಾಗಿ ಅದನ್ನೂ ಈಗ್ಲೇ ಹಿಡೀಬೇಕು. ಆದ್ರೆ ಅದು ಬರ್ಲಿ ಆಮೇಲೆ ನೋಡೋಣ ಅಂತ ಮಗು ಸಹಾಯ ಇಲ್ಲದೆ ವರ್ಷಗಟ್ಟಲೆ ಕೂರೋದು ಬೇಡ.

ನಾಲ್ಕನೇ ಕ್ಲಾಸಿನ ಪೋಷಕರೇ ಜಾಸ್ತಿ ಬರ್ತಿದ್ದೀರ, ಅದಕ್ಕೆ ಕಾರಣ ಇದೆ. ಒಂದರಿಂದ ಮೂರನೇ ಕ್ಲಾಸ್‌ವರೆಗೆ ನಲಿಕಲಿ ಇರುತ್ತೆ, ಕಾರ್ಡು, ಹಾಡು, ಗುಂಪಲ್ಲಿ ಕೂತು ಕಲಿಯೋದು, ಪಕ್ಕದ ಮಗು ಹೇಳಿದ್ದನ್ನ ಕೇಳಿಸ್ಕೊಂಡು ಹೇಳ್ಬಿಡ್ತಾರೆ, ಹಾಡು ಬಾಯಿಪಾಠ ಇರುತ್ತೆ, ಹಾಗಾಗಿ ಓದೋಕೆ ಬರ್ದೇ ಇರೋದು ಗೊತ್ತೇ ಆಗಲ್ಲ. ನಾಲ್ಕಕ್ಕೆ ಬಂದ ತಕ್ಷಣ ದಪ್ಪ ಪುಸ್ತಕ, ಬೋರ್ಡ್ ನೋಡಿ ಬರ್ಕೊಳ್ಳೋದು, ಪ್ರಶ್ನೆಗೆ ಸ್ವಂತವಾಗಿ ಉತ್ತರ ಬರೆಯೋದು. ಮಗು ಇದ್ದಕ್ಕಿದ್ದಂತೆ ದಡ್ಡ ಆಗಿಲ್ಲ, ಮೊದಲಿಂದ ಇದ್ದ ಕಷ್ಟ ಈಗ ಕಣ್ಣಿಗೆ ಕಂಡಿದೆ ಅಷ್ಟೇ.

ಏನು ಗಮನಿಸ್ಬೇಕು ಅಂತ ಕೇಳ್ತೀರ. ನಮ್ಮ ಐದನೇ ಕ್ಲಾಸಲ್ಲಿ ಒಂದು ನೋಟ್‌ಬುಕ್ ನೋಡ್ದೆ (ಮಗು ಯಾರು ಅಂತ ಹೇಳಲ್ಲ), ಅದರಲ್ಲಿ "ಅಮ್ಮ" ಅನ್ನೋದು "ಅಮ", "ಕನ್ನಡ" ಅನ್ನೋದು "ಕನಡ", "ಮರ" ಅನ್ನೋದು ಒಂದು ಸಾಲಲ್ಲಿ "ವರ", ಅದರ ಕೆಳಗಿನ ಸಾಲಲ್ಲೇ ಸರಿಯಾಗಿ "ಮರ". ಪ, ಷ, ವ, ಮ ಇವೆಲ್ಲ ಒಂದರ ಜಾಗದಲ್ಲಿ ಇನ್ನೊಂದು, ಒತ್ತಕ್ಷರ ಬಂದ ಕಡೆಯೆಲ್ಲ ಬಿಟ್ಟುಹೋಗಿದೆ. ಅದೇ ಮಗುನ ಹತ್ರ ಕೂರಿಸ್ಕೊಂಡು ಬೋರ್‌ವೆಲ್ ಯಾಕೆ ಬತ್ತುತ್ತೆ ಅಂತ ಕೇಳ್ದೆ. ಮಳೆ ನೀರು ಇಂಗೋದು, ಕೆರೆ ಹೂಳು ತುಂಬಿರೋದು, ಅವರ ತೋಟದಲ್ಲಿ ಎಷ್ಟು ಅಡಿಗೆ ನೀರು ಸಿಕ್ತು, ಎಲ್ಲಾ ಬಿಡಿಸಿ ಹೇಳ್ತು. ಪ್ರಶ್ನೆಪತ್ರಿಕೆಲಿ ಅದೇ ಪ್ರಶ್ನೆಗೆ ಸೊನ್ನೆ. ಇಂಥಾ ಮಗುಗೆ ಬುದ್ಧಿ ಕಮ್ಮಿ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ಓದೋದರ ತೊಂದರೆಗೆ ಡಿಸ್ಲೆಕ್ಸಿಯಾ, ಬರೆಯೋದರದ್ದಕ್ಕೆ ಡಿಸ್‌ಗ್ರಾಫಿಯಾ, ಲೆಕ್ಕದ್ದಕ್ಕೆ ಡಿಸ್‌ಕ್ಯಾಲ್ಕುಲಿಯಾ ಅಂತಾರೆ, ಒಟ್ಟಾಗಿ ನಿರ್ದಿಷ್ಟ ಕಲಿಕಾ ನ್ಯೂನತೆ. ಬುದ್ಧಿಶಕ್ತಿ ಚೆನ್ನಾಗಿರೋ ಮಕ್ಕಳಲ್ಲೂ ಇರುತ್ತೆ, ಒಂದೇ ಮನೇಲಿ ಅಪ್ಪ, ಚಿಕ್ಕಪ್ಪ, ಮಗು ಹೀಗೆ ಕಾಣಿಸ್ಕೊಳ್ಳೋದೂ ಉಂಟು.

ಗಮನದ ತೊಂದರೆ ಅಂದ್ರೆ ಎಡಿಎಚ್‌ಡಿ ಬೇರೆ, ಆದ್ರೆ ಎರಡೂ ಒಂದೇ ಮಗುಲಿ ಇರೋದು ಅಪರೂಪ ಅಲ್ಲ. ಓಡಾಡೋ, ಗಲಾಟೆ ಮಾಡೋ ಗಂಡುಮಕ್ಕಳದ್ದು ಎಲ್ಲರಿಗೂ ಕಾಣುತ್ತೆ. ಕಾಣದೇ ಇರೋದು ಸುಮ್ಮನೆ ಕೂತ ಹೆಣ್ಣುಮಗಳದ್ದು, ಕಿಟಕಿ ಕಡೆ ನೋಡ್ತಾ, ಪೆನ್ಸಿಲ್ ತುದಿ ಕಚ್ತಾ, ಜಾಮಿಟ್ರಿ ಬಾಕ್ಸು ಟಿಫಿನ್ ಡಬ್ಬಿ ದಿನಾ ಮರೆತು ಹೋಗ್ತಾ, ಹೇಳಿದ ಮೂರು ಕೆಲಸದಲ್ಲಿ ಒಂದು ಮಾತ್ರ ಮಾಡ್ತಾ ಇರೋ ಮಗು. ಅವಳು ಯಾರಿಗೂ ತೊಂದ್ರೆ ಕೊಡಲ್ಲ, ಹಾಗಾಗಿ ಯಾರೂ ವಿಚಾರಿಸಲ್ಲ. ಹೆಣ್ಣುಮಕ್ಕಳ ಅಪ್ಪ ಅಮ್ಮಂದಿರು ಇದನ್ನ ಎರಡು ಸಲ ಓದಿ. ಇನ್ನೊಂದು, ಎಡಿಎಚ್‌ಡಿ ಅಂತ ಹೇಳ್ಬೇಕಾದ್ರೆ ಆ ಲಕ್ಷಣ 12 ವರ್ಷದ ಒಳಗೆ ಶುರುವಾಗಿರಬೇಕು, ಕಮ್ಮಿ ಅಂದ್ರೂ ಆರು ತಿಂಗಳಿಂದ ಇರಬೇಕು, ಮನೆ ಸ್ಕೂಲು ಎರಡೂ ಕಡೆ ಕಾಣ್ಬೇಕು. ಗಣಿತದ ಪೀರಿಯಡ್ಡಲ್ಲಿ ಮಾತ್ರ ಒದ್ದಾಡೋ ಮಗುಗೆ ಲೆಕ್ಕದ ಕಷ್ಟ ಇರಬಹುದು, ಗಮನದ್ದಲ್ಲ. ಡಾಕ್ಟರ್ ಇದನ್ನೆಲ್ಲ ಕೇಳೇ ಕೇಳ್ತಾರೆ, ಮನೆಲಿ ಹೇಗಿರ್ತಾನೆ ಅಂತ ನೀವು, ಕ್ಲಾಸಲ್ಲಿ ಹೇಗಿರ್ತಾನೆ ಅಂತ ನಾವು, ಇಬ್ಬರೂ ಹೇಳ್ಬೇಕಾಗುತ್ತೆ.

ಇದು ಯಾರ ತಪ್ಪು ಅಂತ ಹುಡುಕೋಕೆ ಹೋಗ್ಬೇಡಿ. ಮನೆಯವರೆಲ್ಲ ಸೇರಿ ತಪ್ಪನ್ನ ಮಗುವಿನ ಅಮ್ಮನ ಮೇಲೆ ಹಾಕ್ತೀರ, ನೀನು ಮುದ್ದು ಮಾಡಿ ಹಾಳು ಮಾಡ್ದೆ, ಮೊಬೈಲ್ ಕೊಟ್ಟು ಹೀಗಾಯ್ತು ಅಂತ. ಮೊಬೈಲ್ ಕಮ್ಮಿ ಮಾಡಿ, ರಾತ್ರಿ ನಿದ್ದೆಗೆ ಒಳ್ಳೇದು, ಆದ್ರೆ ಮೊಬೈಲಿಂದ ಡಿಸ್ಲೆಕ್ಸಿಯಾ ಬರಲ್ಲ. ದೃಷ್ಟಿ ತೆಗೆಸೋದು, ಹರಕೆ ಹೊರೋದು ನಿಮ್ಮ ನಂಬಿಕೆ, ನಾನು ಬೇಡ ಅನ್ನಲ್ಲ, ಅದರ ಜೊತೆಗೆ ಆಸ್ಪತ್ರೆಗೂ ಹೋಗಿ. ಹೊಡೆಯೋದು ಮಾತ್ರ ಇವತ್ತಿಂದ ನಿಲ್ಲಿಸಿ ಅಂತ ಕೈಮುಗಿದು ಕೇಳ್ತೀನಿ. ಸ್ಕೂಲಲ್ಲಿ ಹೊಡೆಯೋದು, ಮನಸ್ಸಿಗೆ ಹಿಂಸೆ ಮಾಡೋದು ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆ 17ನೇ ಸೆಕ್ಷನ್ ಪ್ರಕಾರ ನಿಷೇಧ, "ದಡ್ಡ", "ಸೋಮಾರಿ" ಅಂತ ನಮ್ಮ ಟೀಚರ್ ಯಾರಾದ್ರೂ ಕರೆದ್ರೆ ನೇರವಾಗಿ ನನಗೆ ಹೇಳಿ.

ಈಗ ಅರ್ಜಿ ವಿಷಯ. ಬಿಳಿ ಹಾಳೆ ಸಾಕು, ಕನ್ನಡದಲ್ಲೇ ಬರೀರಿ. ಮಗುವಿನ ಹೆಸರು, ಕ್ಲಾಸು, ನೀವು ಏನೇನು ಗಮನಿಸಿದ್ದೀರ, ಯಾವಾಗಿಂದ, ಯಾವ ಸಬ್ಜೆಕ್ಟಲ್ಲಿ ಜಾಸ್ತಿ, ಕಣ್ಣು ಕಿವಿ ತೋರಿಸಿದ್ದೀರ ಇಲ್ವಾ, ಯಾವುದಾದ್ರೂ ಮಾತ್ರೆ ತಗೋತಿದ್ದಾನಾ, ನಮ್ಮಿಂದ ಏನು ಬೇಕು. "ಓದಲ್ಲ" ಅಂತ ಒಂದು ಪದದಲ್ಲಿ ಬರೀಬೇಡಿ, "ಒಂದು ಪ್ಯಾರಾ ಓದೋಕೆ ಹತ್ತು ನಿಮಿಷ ಬೇಕು, ಸಾಲು ತಪ್ಪುತ್ತೆ, ಕೊನೆಗೆ ಅಳ್ತಾನೆ" ಅಂತ ಬರೆದ್ರೆ ನಮಗೂ ಡಾಕ್ಟರ್‌ಗೂ ಉಪಯೋಗಕ್ಕೆ ಬರುತ್ತೆ. ಎರಡು ಪ್ರತಿ ತನ್ನಿ. ಆಫೀಸಲ್ಲಿ ಆವಕ ನಂಬರ್ ಹಾಕಿ ಸೀಲ್ ಹೊಡೆದ ಪ್ರತಿ ನಿಮ್ಮ ಹತ್ರ ಇರಲಿ, ಯಾಕಂದ್ರೆ ನಾಳೆ ನನಗೆ ಟ್ರಾನ್ಸ್‌ಫರ್ ಆದ್ರೂ, ಕ್ಲಾಸ್ ಟೀಚರ್ ಬದಲಾದ್ರೂ ಆ ಕಾಗದ ಮಾತಾಡುತ್ತೆ. ಬಾಯಿಮಾತಲ್ಲಿ ಹೇಳಿದ್ದು ಮುಂದಿನ ವರ್ಷ ಯಾರಿಗೂ ನೆನಪಿರಲ್ಲ.

ಅರ್ಜಿ ಬಂದ ಮೇಲೆ ನಾವು ಕ್ಲಾಸಲ್ಲಿ ಮಾಡೋದು ದೊಡ್ಡ ದೊಡ್ಡ ವಿಷಯ ಏನಲ್ಲ. ಮಗುನ ಮುಂದಿನ ಬೆಂಚಲ್ಲಿ, ಬಾಗಿಲು ಕಿಟಕಿಯಿಂದ ದೂರ, ಸಮಾಧಾನದ ಇನ್ನೊಂದು ಮಗು ಪಕ್ಕ ಕೂರಿಸ್ತೀವಿ. ಬೋರ್ಡಲ್ಲಿರೋದು ಪೂರ್ತಿ ಬರ್ಕೊ ಅನ್ನಲ್ಲ, ಟೀಚರ್ ನೋಟ್ಸ್ ಜೆರಾಕ್ಸ್ ಕೊಡ್ತೀವಿ. ಹತ್ತು ಲೆಕ್ಕದ ಜಾಗದಲ್ಲಿ ಐದು, ಆದ್ರೆ ಐದೂ ಅರ್ಥ ಆಗಿರಬೇಕು. ತಯಾರಿ ಇಲ್ಲದೆ ಎಲ್ಲರ ಮುಂದೆ ಎದ್ದು ನಿಂತು ಓದು ಅನ್ನಲ್ಲ. ನಮ್ಮದೇ ಕಿರು ಪರೀಕ್ಷೆಗಳಲ್ಲಿ ಪ್ರಶ್ನೆ ಓದಿ ಹೇಳಿ ಬಾಯಲ್ಲಿ ಉತ್ತರ ತಗೋತೀವಿ, ವಿಜ್ಞಾನದಲ್ಲಿ ಕಾಗುಣಿತ ತಪ್ಪಿಗೆ ಮಾರ್ಕ್ಸ್ ಕಟ್ ಮಾಡಲ್ಲ. ಕೂರೋಕಾಗದ ಮಕ್ಕಳಿಗೆ ಎದ್ದು ಓಡಾಡೋ ಕೆಲಸ ಕೊಡ್ತೀವಿ, ಹಾಜರಿ ಪುಸ್ತಕ ತರೋದು, ಬೋರ್ಡ್ ಒರೆಸೋದು, ಬಿಸಿಯೂಟಕ್ಕೆ ತಟ್ಟೆ ಜೋಡಿಸೋದು. ಇದು ಶಿಕ್ಷೆ ಅಲ್ಲ, ಮೈ ಸ್ವಲ್ಪ ಆಡಿಸಿ ಬಂದ್ರೆ ಆಮೇಲೆ ಒಂದಷ್ಟು ಹೊತ್ತು ಗಮನ ನಿಲ್ಲುತ್ತೆ. ಮನೇಲೂ ಹೋಮ್‌ವರ್ಕ್‌ಗೆ ಹಾಗೇ ಮಾಡಿ, ಹದಿನೈದು ನಿಮಿಷ ಬರೆಯೋದು, ಎದ್ದು ನೀರು ಕುಡಿಯೋದು, ಮತ್ತೆ ಹದಿನೈದು ನಿಮಿಷ. ರಾತ್ರಿ ಹತ್ತರವರೆಗೂ ಕೂರಿಸ್ಬೇಡಿ, ಮುಗಿದಷ್ಟಕ್ಕೆ ಸಹಿ ಹಾಕಿ ಕಳಿಸಿ, ನಾವು ಬೈಯಲ್ಲ. ತಾಲೂಕಿನ ಬಿಆರ್‌ಸಿಯಲ್ಲಿ (ಕ್ಷೇತ್ರ ಸಂಪನ್ಮೂಲ ಕೇಂದ್ರ) ಬಿಐಇಆರ್‌ಟಿ ಅಂತ ಸಂಪನ್ಮೂಲ ಶಿಕ್ಷಕರಿರ್ತಾರೆ, ವಿಶೇಷ ಅಗತ್ಯ ಇರೋ ಮಕ್ಕಳಿಗೋಸ್ಕರಾನೇ ಇರೋರು, ಅವರಿಗೆ ನಾನೇ ಪತ್ರ ಹಾಕ್ತೀನಿ.

ಇನ್ನು ಆಸ್ಪತ್ರೆ. ಮೊದಲು ಕಣ್ಣು, ಕಿವಿ. ಬೋರ್ಡೇ ಕಾಣ್ದೆ ಇರೋ ಮಗುನ ಓದಲ್ಲ ಅಂದ್ರೆ ಅನ್ಯಾಯ. ವರ್ಷಕ್ಕೊಂದ್ಸಲ ಸ್ಕೂಲಿಗೆ ಬರೋ ಆರ್‌ಬಿಎಸ್‌ಕೆ (ಸರ್ಕಾರದ ಮಕ್ಕಳ ಆರೋಗ್ಯ ತಪಾಸಣೆ) ಡಾಕ್ಟರ್ ತಂಡದವರು ಕಲಿಕೆ ಮತ್ತು ಗಮನದ ತೊಂದರೆನೂ ನೋಡ್ತಾರೆ, ಆ ದಿನ ಮಗುನ ರಜೆ ಹಾಕಿಸ್ಬೇಡಿ. ಅವರು ಜಿಲ್ಲಾಸ್ಪತ್ರೆಗೆ ಬರೆದುಕೊಡ್ತಾರೆ. ಬೆಂಗಳೂರಿನ ನಿಮ್ಹಾನ್ಸ್, ಮೈಸೂರು ಮಾನಸಗಂಗೋತ್ರಿಲಿರೋ ವಾಕ್ ಶ್ರವಣ ಸಂಸ್ಥೆ, ಆ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್, ಇಲ್ಲೆಲ್ಲ ಪರೀಕ್ಷೆ ಮಾಡೋ ತಜ್ಞರಿದ್ದಾರೆ. ಒಂದೇ ದಿನಕ್ಕೆ ಮುಗಿಯಲ್ಲ, ಮತ್ತೆ ಕರೀತಾರೆ, ಒಂದು ದಿನದ ಕೂಲಿ ಬಿಟ್ಟು ಬಸ್ ಚಾರ್ಜ್ ಹಾಕ್ಕೊಂಡು ಹೋಗೋದು ಎಷ್ಟು ಕಷ್ಟ ಅಂತ ನನಗೆ ಗೊತ್ತು, ಅದಕ್ಕೇ ಮೊದಲ ಸಲಾನೇ ಎಲ್ಲಾ ತಗೊಂಡು ಹೋಗಿ. ಆಧಾರ್, ಎರಡು ವರ್ಷದ ಪ್ರಗತಿ ಪತ್ರ, ಕನ್ನಡ ಇಂಗ್ಲಿಷ್ ಎರಡೂ ನೋಟ್‌ಬುಕ್, ನಮ್ಮ ಕ್ಲಾಸ್ ಟೀಚರ್ ಬರೆದ ವರದಿ. ಎರಡೂ ಭಾಷೆ ನೋಟ್‌ಬುಕ್ ಯಾಕಂದ್ರೆ ಇಂಗ್ಲಿಷಲ್ಲಿ ಮಾತ್ರ ಕಷ್ಟ ಇದ್ರೆ ಅದು ಆ ಭಾಷೆ ಅಭ್ಯಾಸ ಇಲ್ಲದ ಕಷ್ಟ ಇರಬಹುದು. ಮನೇಲಿ ಉರ್ದು, ತೆಲುಗು, ಲಂಬಾಣಿ ಮಾತಾಡೋರು ಅದನ್ನೂ ತಪ್ಪದೆ ಹೇಳಿ. ಮಗುನ ಚೆನ್ನಾಗಿ ಮಲಗಿಸಿ, ತಿಂಡಿ ತಿನ್ನಿಸಿ ಕರ್ಕೊಂಡು ಹೋಗಿ, "ಇಂಜೆಕ್ಷನ್ ಇಲ್ಲ, ಓದೋದು ಬರೆಯೋದು ಚಿತ್ರ ಜೋಡಿಸೋದು ಅಷ್ಟೇ" ಅಂತ ಮೊದಲೇ ಹೇಳಿ.

ಕಲಿಕಾ ನ್ಯೂನತೆ ಸರ್ಟಿಫಿಕೇಟ್ 8 ವರ್ಷ ತುಂಬೋಕೆ ಮುಂಚೆ ಕೊಡಲ್ಲ, ಚಿಕ್ಕ ಮಕ್ಕಳು ಅಕ್ಷರ ತಪ್ಪೋದು ಸಹಜ ಅಂತ. ಎಡಿಎಚ್‌ಡಿಗೆ ಮಾತ್ರೆ ಕೊಡ್ಬೇಕಾ ಬೇಡ್ವಾ ಅನ್ನೋದು ಮನೋವೈದ್ಯರು ಮತ್ತು ನೀವು ಸೇರಿ ತೀರ್ಮಾನ ಮಾಡೋದು, ಸ್ಕೂಲಿಂದ ನಾವು ಒತ್ತಾಯ ಮಾಡಲ್ಲ, ಆದ್ರೆ ಶುರು ಮಾಡಿದ್ರೆ ಪಕ್ಕದ ಮನೆಯವರ ಮಾತು ಕೇಳಿ ಮಧ್ಯದಲ್ಲಿ ನಿಲ್ಲಿಸ್ಬೇಡಿ, ಡಾಕ್ಟರನ್ನೇ ಕೇಳಿ.

ಕಾನೂನಲ್ಲಿ ಏನಿದೆ ಅಂತ ತಿಳ್ಕೊಂಡಿರಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಲಿ 21 ನ್ಯೂನತೆಗಳ ಪಟ್ಟಿ ಇದೆ, ಅದರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಸೇರಿದೆ. ಆದಷ್ಟು ಬೇಗ ಇದನ್ನ ಪತ್ತೆ ಮಾಡೋದು ಸ್ಕೂಲಿನ ಜವಾಬ್ದಾರಿ ಅಂತ 16ನೇ ಸೆಕ್ಷನ್ ಹೇಳುತ್ತೆ. ಪರೀಕ್ಷೆಲಿ ಹೆಚ್ಚು ಸಮಯ, ಬರೆಯೋಕೆ ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಇವು 17ನೇ ಸೆಕ್ಷನ್‌ನಲ್ಲಿವೆ. ಎಡಿಎಚ್‌ಡಿ ಆ 21ರ ಪಟ್ಟಿಲಿ ಹೆಸರು ಹಿಡಿದು ಇಲ್ಲ, ಹಾಗಾಗಿ ಗಮನದ ತೊಂದರೆ ಅಂತ ಹೋದವರು ಕಲಿಕೆಯದ್ದನ್ನೂ ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಸರ್ಟಿಫಿಕೇಟಲ್ಲಿ ನ್ಯೂನತೆ 40 ಪರ್ಸೆಂಟ್ ಅಥವಾ ಅದಕ್ಕಿಂತ ಜಾಸ್ತಿ ಇದ್ರೆ ಸಿಗೋ ಸೌಲಭ್ಯಗಳೇ ಬೇರೆ. ಸಹಾಯಕರನ್ನ ಇಟ್ಕೊಂಡು ಬರೆಯೋರಿಗೆ ಕೇಂದ್ರದ ಮಾರ್ಗಸೂಚಿ ಪ್ರಕಾರ ಗಂಟೆಗೆ ಕಮ್ಮಿ ಅಂದ್ರೂ 20 ನಿಮಿಷ ಜಾಸ್ತಿ, ಅಂದ್ರೆ ಮೂರು ಗಂಟೆ ಪೇಪರ್‌ಗೆ ಒಂದು ಗಂಟೆ. ಯುಡಿಐಡಿ ಕಾರ್ಡಿಗೆ (ವಿಕಲಚೇತನರ ಗುರುತಿನ ಚೀಟಿ) ಸ್ವಾವಲಂಬನ್ ವೆಬ್‌ಸೈಟಲ್ಲಿ ಅರ್ಜಿ ಹಾಕ್ಬೇಕು, ಗೊತ್ತಾಗದಿದ್ರೆ ತಾಲೂಕು ಪಂಚಾಯ್ತಿಲಿ ಎಂಆರ್‌ಡಬ್ಲ್ಯು ಅಂತ ವಿಕಲಚೇತನರ ಪುನರ್ವಸತಿ ಕಾರ್ಯಕರ್ತರು ಇರ್ತಾರೆ, ಅವರು ಹಾಕಿಕೊಡ್ತಾರೆ.

ಏಳು, ಎಂಟನೇ ಕ್ಲಾಸಿನವರು ತಡ ಮಾಡ್ಬೇಡಿ. ನಮ್ಮಲ್ಲಿ ಎಂಟಕ್ಕೆ ಮುಗಿಯುತ್ತೆ, ಹೈಸ್ಕೂಲಿಗೆ ಹೋದ ಮೇಲೆ ಎಸ್ಸೆಸ್ಸೆಲ್ಸಿ ರಿಯಾಯಿತಿಗೆ ಅಲ್ಲಿನ ಮುಖ್ಯ ಶಿಕ್ಷಕರ ಮೂಲಕ ಪರೀಕ್ಷಾ ಬೋರ್ಡಿಗೆ ಅರ್ಜಿ ಕಳಿಸ್ಬೇಕು, ಪರೀಕ್ಷೆ ತಿಂಗಳಲ್ಲಿ ಓಡಾಡಿದ್ರೆ ಆಗಲ್ಲ. ಒಂಬತ್ತನೇ ಕ್ಲಾಸಲ್ಲೇ ಸರ್ಟಿಫಿಕೇಟ್ ಕೈಲಿರಲಿ. ಟಿಸಿ ಜೊತೆ ನಿಮ್ಮ ಮಗುವಿನ ಫೈಲ್ ಜೆರಾಕ್ಸೂ ನಾನು ಕೊಡ್ತೀನಿ, ಹೊಸ ಸ್ಕೂಲಲ್ಲಿ ಮೊದಲ ವಾರವೇ ತೋರಿಸಿ. ಇಂಥ ಮಗು ನಮಗೆ ಬೇಡ, ಟಿಸಿ ತಗೊಂಡು ಹೋಗಿ ಅಂತ ಎಂಟನೇ ಕ್ಲಾಸ್‌ವರೆಗೆ ಯಾವ ಸ್ಕೂಲೂ ಹೇಳೋ ಹಾಗಿಲ್ಲ, ಅದೂ ಆರ್‌ಟಿಇಲೇ ಇದೆ.

ಮದುವೆ ಸಂಬಂಧಕ್ಕೆ ತೊಂದ್ರೆ ಆಗುತ್ತೆ, ಜನ ಹುಚ್ಚ ಅಂತಾರೆ ಅಂತ ಹಿಂಜರಿಯೋರಿಗೆ ಹೇಳ್ತೀನಿ, ಈ ಫೈಲ್ ನಾನು, ಕ್ಲಾಸ್ ಟೀಚರ್, ಪಾಠ ಮಾಡೋ ಟೀಚರ್‌ಗಳು ಬಿಟ್ರೆ ಯಾರ ಕೈಗೂ ಹೋಗಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲೂ ಹೆಸರು ಎತ್ತಲ್ಲ. ನೀವೂ ಕ್ಲಾಸ್ ವಾಟ್ಸಾಪ್ ಗ್ರೂಪಲ್ಲಿ ಯಾರ ಮಗುವಿನ ಬಗ್ಗೆನೂ ಬರೀಬೇಡಿ.

ಶನಿವಾರ ಬೆಳಗಿನ ಕ್ಲಾಸ್ ಬಿಟ್ಟ ಮೇಲೆ ನಾನು ಆಫೀಸಲ್ಲೇ ಇರ್ತೀನಿ, ಒಬ್ಬೊಬ್ಬರಾಗಿ ಕೂತು ಮಾತಾಡೋಣ. ಅಪ್ಪ ಅಮ್ಮ ಇಬ್ಬರೂ ಬಂದ್ರೆ ಒಳ್ಳೇದು, ಮನೇಲಿ ಮಗುನ ಓದಿಸೋರು ಅಜ್ಜಿ ತಾತ ಆಗಿದ್ರೆ ಅವರನ್ನೂ ಕರ್ಕೊಂಡು ಬನ್ನಿ. ಬರೆಯೋಕೆ ಬರಲ್ಲ ಅಂತ ಅರ್ಜಿ ಕೊಡದೆ ಯಾರೂ ಮನೇಲಿ ಉಳಿಯೋದು ಬೇಡ, ನೀವು ಹೇಳ್ತಾ ಹೋಗಿ, ನಾನು ಬರೀತೀನಿ, ಓದಿ ಹೇಳಿದ ಮೇಲೆ ಹೆಬ್ಬೆಟ್ಟು ಒತ್ತಿ.

ಇಂತಿ ನಿಮ್ಮ,
ಮುಖ್ಯ ಶಿಕ್ಷಕಿ