ಅರ್ಧ ಎತ್ತಿದ ಕೈ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೆಗೆ ಬಣ್ಣ ಹೊಡೆಸಿದ್ದು, ಅಜ್ಜಿಯ ಕಣ್ಣಿನ ಆಪರೇಷನ್, ಎಲ್ಲ ನಿನ್ನಮ್ಮ ಫೋನಿನಲ್ಲಿ ಹೇಳಿರುತ್ತಾಳೆ. ಅದನ್ನು ಬಿಟ್ಟೆ. ನೀನು ಓದುತ್ತಿರುವ ಹಳೆಯ ಕಾಲದ ಅಮೆರಿಕದ ಆ ವಿಚಾರಣೆಯ ಬಗ್ಗೆ ಬರೆದು, ಕಾಗದದ ಕೊನೆಗೆ ಒಂದು ಸಾಲು ಸೇರಿಸಿದ್ದೆಯಲ್ಲ, 'ಆ ಸಭೆಯಲ್ಲಿ ಇದ್ದಿದ್ದರೆ ನಾನೂ ಕೈ ಎತ್ತಿಬಿಡುತ್ತಿದ್ದೆನೇನೋ ಅಂತ ಭಯ ಆಗುತ್ತೆ ದೊಡ್ಡಪ್ಪ' ಅಂತ. ಓದಿ ಕನ್ನಡಕ ತೆಗೆದಿಟ್ಟೆ. ಎರಡು ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ನೀನು ಕಳಿಸಿದ ಫೈಲನ್ನು ಪೇಟೆಯಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಂದೆ. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನು ನಾನು. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋದ ಕಟ್ಟುನಿಟ್ಟಿನ ಕ್ರೈಸ್ತರಾದ ಪ್ಯೂರಿಟನ್ನರ ಬಗ್ಗೆ 'ಧರ್ಮಕ್ಕಾಗಿ ಊರು ಬಿಟ್ಟು ಬಂದವರು' ಅಂತ ಬೋರ್ಡಿನ ಮೇಲೆ ಬರೆದರೆ ಪಾಠ ಮುಗಿಯಿತು. ಅವರ ದೊಡ್ಡ ಗುಂಪು ಅಲ್ಲಿ ಬಂದಿಳಿದ ಮರುವರ್ಷವೇ, 1631ರಲ್ಲಿ, ಚರ್ಚಿನ ಸದಸ್ಯನಲ್ಲದವನಿಗೆ ಮ್ಯಾಸಚೂಸೆಟ್ಸ್‌ನಲ್ಲಿ ಓಟಿಲ್ಲ ಅಂತ ಕಾನೂನು ಮಾಡಿದರು ಅನ್ನುವುದನ್ನು ಮಕ್ಕಳಿಗೆ ಹೇಳಲೇ ಇಲ್ಲ. ಸದಸ್ಯತ್ವವೂ ಸುಮ್ನೆ ಸಿಗುತ್ತಿರಲಿಲ್ಲ ಅಲ್ವಾ. ಕೆಲವೇ ವರ್ಷಗಳಲ್ಲಿ ಅದಕ್ಕೂ ಒಂದು ಪರೀಕ್ಷೆ ಬಂತು. ದೇವರ ಕೃಪೆ ತನಗೆ ಹೇಗಾಯಿತು ಅಂತ ಸಭೆಯೆದುರು ಹೇಳಬೇಕು. ಕೇಳಿದವರು ಒಪ್ಪಿದರೆ ಒಳಗೆ. ಒಳಗೆ ಬಂದವನು ಮುಂದಿನವನನ್ನು ಅಳೆಯಲು ಕೂರುತ್ತಾನೆ.

1637ರ ನವೆಂಬರ್ ವಿಚಾರಣೆಯನ್ನು ನಾಲ್ಕು ಸಲ ಓದಿದೆ. ಅದು ನಡೆದದ್ದು ನ್ಯೂಟೌನ್‌ನಲ್ಲಿ; ನೀನು ದಿನಾ ಓಡಾಡುವ ಮ್ಯಾಸಚೂಸೆಟ್ಸ್‌ನ ಕೇಂಬ್ರಿಜ್ಜೇ ಆಗಿನ ನ್ಯೂಟೌನ್. ವಿಚಾರಣೆಗೆ ನಿಂತವಳು ಆನ್ ಹಚಿನ್ಸನ್, ಪಾದ್ರಿಗಳ ಬೋಧನೆಯನ್ನೇ ಪ್ರಶ್ನಿಸಿದವಳು. ಅವಳಿಗೆ ಓಟಿಲ್ಲ, ಹೆಂಗಸು. ಅವಳನ್ನು ಕರೆಸುವ ಮೊದಲೇ ಅವಳ ಗುಂಪಿನ ಪರ ನಿಂತಿದ್ದ ಆಸ್ಪಿನ್‌ವಾಲ್, ಕಾಗ್ಸ್‌ಹಾಲ್ ಇಬ್ಬರನ್ನು ಸಭೆಯಿಂದಲೇ (ಆಗ ಆಡಳಿತದ ಸಭೆಯೇ ಕೋರ್ಟು ಕೂಡ) ಹೊರಗೆ ಹಾಕಿದ್ದರು. ಆಮೇಲೆ ಗವರ್ನರ್ ವಿನ್‌ಥ್ರಪ್, ಇವಳನ್ನು ಗಡೀಪಾರು ಮಾಡಬೇಕು ಅನ್ನುವವರು ಕೈ ಎತ್ತಿ ಅಂದ. ಮೂವರನ್ನು ಬಿಟ್ಟು ಎಲ್ಲರ ಕೈ ಮೇಲೆ. ಯಾಕೆ ನನಗೆ ಗಡೀಪಾರು ಅಂತ ಅವಳು ಕೇಳಿದರೆ, ಯಾಕೆ ಅಂತ ಕೋರ್ಟಿಗೆ ಗೊತ್ತು, ಸಾಕು ಮಾತು ಅಂದ.

ಆ ಮೂವರಲ್ಲಿ ಇಬ್ಬರು ಬೇಡ ಅಂತ ಕೈ ಎತ್ತಿದರು. ಮೂರನೆಯವನು ಜೆನಿಸನ್. ಆ ಕಡೆಗೂ ಈ ಕಡೆಗೂ ಕೈ ಎತ್ತಲಾರೆ, ಕೋರ್ಟು ಕೇಳಿದರೆ ಕಾರಣ ಹೇಳುತ್ತೇನೆ ಅಂದ. ದಾಖಲೆಯಲ್ಲಿ ಅದರ ಕೆಳಗೇ ಶಿಕ್ಷೆಯ ಮಾತು ಬರುತ್ತದೆ. ಕಾರಣ ಕೇಳಿದವರು ಇಲ್ಲ.

ನೀನು ಎತ್ತುತ್ತಿದ್ದೆಯೋ ಇಲ್ಲವೋ, ನಾನು ಹೇಗೆ ಹೇಳಲಿ? ನಾನು ಎತ್ತಿದ್ದೇನೆ ಪುಟ್ಟಿ.

1983 ಅಂತ ನೆನಪು. ನಮ್ಮವರ ಸಂಘದ ವಾರ್ಷಿಕ ಸಭೆ, ಛತ್ರದಲ್ಲಿ. ಒಬ್ಬರ ಮಗಳು ಬೇರೆ ಧರ್ಮದ ಹುಡುಗನನ್ನು ಮದುವೆಯಾಗಿದ್ದಳು. ಅಪ್ಪನನ್ನು ಸದಸ್ಯತ್ವದಿಂದ ತೆಗೆಯಬೇಕು, ಚುನಾವಣೆಯಲ್ಲಿ ಅವರಿಗೆ ಓಟು ಇರಬಾರದು ಅಂತ ಠರಾವು ಬಂತು. ಅವರು ಮೂರನೇ ಸಾಲಿನಲ್ಲಿ ಕೊಡೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ನನಗೆ ಸೈಕಲ್ ಕಲಿಸಿದ ಮನುಷ್ಯ. ಒಪ್ಪುವವರು ಕೈ ಎತ್ತಿ ಅಂದರು. ಆಗ ನಾನು ಏನು ಯೋಚಿಸುತ್ತಿದ್ದೆ ಗೊತ್ತಾ? ನ್ಯಾಯ ಅಲ್ಲ, ಧರ್ಮ ಅಲ್ಲ. ನನ್ನ ಅಂಗಿ ಕಂಕುಳಲ್ಲಿ ಹರಿದಿತ್ತು. ಕಾಣಬಾರದು ಅಂತ ಕೈಯನ್ನು ಕಿವಿಯ ತನಕ ಮಾತ್ರ ಎತ್ತಿದೆ. ಎಣಿಸುವವರು ಅರ್ಧ ಅಂತ ಬರೆದುಕೊಳ್ಳಲಿಲ್ಲ.

ಮಾರನೇ ದಿನ ಎದುರಿಗೆ ಸಿಕ್ಕಿ, 'ಕಾಫಿ ಆಯ್ತಾ ಮೇಷ್ಟ್ರೇ' ಅಂದರು. ದಿನಾ ಅನ್ನುತ್ತಿದ್ದ ಹಾಗೆ.

'ಕಾಲ ಹಾಗಿತ್ತು' ಅಂತ ನನಗೆ ನಾನೇ ಬಹಳ ವರ್ಷ ಹೇಳಿಕೊಂಡೆ. ನಿನ್ನ ಫೈಲು ಅದನ್ನೂ ಕೆಡಿಸಿತು. ಮ್ಯಾಸಚೂಸೆಟ್ಸ್ ಬಿಟ್ಟು ಕನೆಕ್ಟಿಕಟ್‌ಗೆ ಹೋದ ಪಾದ್ರಿ ಹೂಕರ್ ಕಡೆಯವರೂ ಪ್ಯೂರಿಟನ್ನರೇ. 1639ರಲ್ಲಿ ಅವರು ಕಟ್ಟಳೆ ಬರೆದುಕೊಂಡಾಗ, ಗವರ್ನರ್ ಮಾತ್ರ ಚರ್ಚಿನವನಾಗಿರಬೇಕು ಅಂದರು, ಓಟು ಹಾಕುವವನಿಗೆ ಆ ಷರತ್ತು ಇಡಲಿಲ್ಲ. ಅದೇ ವರ್ಷ ನ್ಯೂ ಹೇವನ್‌ನವರು ಇಟ್ಟರು. ಒಂದೇ ಕಾಲ, ಒಂದೇ ದೇವರು, ಹತ್ತಿರದ ಊರುಗಳು. ಮ್ಯಾಸಚೂಸೆಟ್ಸ್‌ನವರು 1664ರಲ್ಲಿ ರಾಜನ ಒತ್ತಾಯಕ್ಕೆ ಸ್ವಲ್ಪ ಸಡಿಲ ಮಾಡಿದರು. 1691ರ ಹೊಸ ಸನದಿನಲ್ಲಿ ಓಟಿಗೆ ಚರ್ಚಿನ ಸದಸ್ಯತ್ವದ ಬದಲು ಆಸ್ತಿ ಇರಬೇಕು ಅಂತಾಯಿತು. ಅದೇನು ದೊಡ್ಡ ಔದಾರ್ಯ ಅಂತ ನನಗೆ ಅನ್ನಿಸಲಿಲ್ಲ, ಬಿಡು.

ನನಗೆ ಇಷ್ಟವಾಗಿದ್ದು 1643ರ ಕಾಳಿನ ಕಥೆ. ಅದೇ ಮ್ಯಾಸಚೂಸೆಟ್ಸ್‌ನಲ್ಲಿ ಅಸಿಸ್ಟೆಂಟರನ್ನು, ಅಂದರೆ ಗವರ್ನರ್ ಜೊತೆ ಆಡಳಿತ ನಡೆಸುವವರನ್ನು, ಆರಿಸುವಾಗ ಮೆಕ್ಕೆಜೋಳದ ಕಾಳು ಹಾಕಿದರೆ ಬೇಕು, ಬೀನ್ಸ್ ಕಾಳು ಹಾಕಿದರೆ ಬೇಡ. ಒಂದಕ್ಕಿಂತ ಜಾಸ್ತಿ ಹಾಕಿದವನಿಗೆ ಹತ್ತು ಪೌಂಡ್ ದಂಡ. ಮೊನ್ನೆ ಅಡುಗೆಮನೆಗೆ ಹೋಗಿ ಅವರೆಕಾಳು ಒಂದನ್ನು ಮುಷ್ಟಿಯಲ್ಲಿ ಹಿಡಿದು ನೋಡಿದೆ. ಹೊರಗೆ ಏನೂ ಕಾಣುವುದಿಲ್ಲ. ನಿನ್ನ ದೊಡ್ಡಮ್ಮ, ಏನ್ರೀ ಕಳ್ಳತನ ಅಂದಳು. ಛತ್ರದಲ್ಲಿ ಅವತ್ತು ಕಾಳು ಕೊಟ್ಟಿದ್ದರೆ ನಾನು ಯಾವುದು ಹಾಕುತ್ತಿದ್ದೆ? ಅದೂ ಖಾತ್ರಿ ಇಲ್ಲ.

ಸಲಹೆ ಕೇಳಿದ್ದೀಯ. ಕೊಡುವ ಯೋಗ್ಯತೆ ನನಗೆಲ್ಲಿದೆ, ಆದರೂ ಬರೆಯುತ್ತೇನೆ. ಆ ವಿಷಯ ಬಿಡಬೇಡ. ರಾತ್ರಿ ಒಬ್ಬಳೇ ಕೂತು ಆ ವಿಚಾರಣೆ ಓದಬೇಡ, ಹಗಲು ಓದು. ಯಾರಾದರೂ ಕೈ ಎತ್ತಿ ಅಂದರೆ ಒಂದು ಉಸಿರು ತಡ ಮಾಡು, ಅಷ್ಟೇ. ಕಾರಣ ಹೇಳುತ್ತೇನೆ ಅನ್ನುವವನು ಸಿಕ್ಕರೆ, ಏನಪ್ಪಾ ಅಂತ ಕೇಳು. ಅವತ್ತು ನನ್ನ ಪಕ್ಕದವನು ಕೇಳಿದ್ದರೂ ಸಾಕಿತ್ತು ಅಂತ ಈಗ ಅನ್ನಿಸುತ್ತದೆ. ಇದೂ ತಪ್ಪನ್ನು ಪಕ್ಕದವನ ಮೇಲೆ ಹಾಕುವ ಮಾತೇ ಆಯಿತೇನೋ. ನಿನಗೆ ಭಯ ಆಗುತ್ತಿದೆ, ನನಗೆ ಆಗ ಅದೂ ಆಗಿರಲಿಲ್ಲ.

ಅವರು ತೀರಿಕೊಂಡು ಹನ್ನೆರಡು ವರ್ಷ ಆಯಿತು. ಮಗಳು ಈಗ ಅದೇ ಮನೆಯಲ್ಲಿದ್ದಾಳೆ. ನಿನ್ನ ಕಾಗದ ಬಂದ ಮೇಲೆ ಒಂದು ಸಂಜೆ ಬಾಗಿಲ ತನಕ ಹೋಗಿದ್ದೆ. ಬೀಗ ಹಾಕಿತ್ತು, ಸಂತೆಗೆ ಹೋಗಿರಬೇಕು. ಭಾನುವಾರ ಮತ್ತೆ ಹೋಗುತ್ತೇನೆ.

ನಿನ್ನ
ದೊಡ್ಡಪ್ಪ