ಮಗಳಿಗೊಂದು ಪತ್ರ: ಆವರೇಜ್ ಮಾಡುವ ಮುಂಚೆ

ಮಲ್ಲೇಶ್ವರ, ಬೆಂಗಳೂರು
10 ಆಗಸ್ಟ್ 2025

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಫೋನ್ ಮಾಡಿದರೆ ಎತ್ತುತ್ತಿಲ್ಲ. ವಾಟ್ಸಾಪ್‌ನಲ್ಲಿ ನೀಲಿ ಗೆರೆ ಬೀಳುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಕಾಗದ. ಬೊಮ್ಮಸಂದ್ರದವರೆಗೂ ಹಳದಿ ಮಾರ್ಗ ಇವತ್ತು ಉದ್ಘಾಟನೆಯಾಯಿತು, ನಾಳೆಯಿಂದ ಜನರಿಗೆ ಬಿಡುತ್ತಾರಂತೆ. ಹೊಸ ಮೆಟ್ರೊದಲ್ಲಿ ಕೂರಬೇಕು ಅಂತ ನಿಮ್ಮಪ್ಪ ಕುಣಿಯುತ್ತಿದ್ದಾರೆ. ಹೇಗೂ ಹೋಗುತ್ತೀರಲ್ಲ, ಇದನ್ನೂ ಕೊಟ್ಟು ಬನ್ನಿ ಅಂದೆ.

ನೀನು ಕೊಂಡ ವಿದೇಶಿ ಗ್ರಾಫೈಟ್ ಗಣಿ ಕಂಪನಿಯ ಷೇರಿನ ವಿಷಯಕ್ಕೆ ಹಬ್ಬದ ದಿನ ಆದ ಜಗಳವನ್ನೆಲ್ಲ ಮತ್ತೆ ಬರೆಯುವುದಿಲ್ಲ. ಎದುರುಮನೆಯವರು ಅರಿಶಿನ ಕುಂಕುಮಕ್ಕೆ ಬಂದು ಕೂತಿದ್ದಾಗ ನಾನು ದನಿ ಎತ್ತಬಾರದಿತ್ತು. ಅಷ್ಟರ ಮಟ್ಟಿಗೆ ನನಗೂ ಬೇಜಾರಿದೆ, ಅದಕ್ಕಿಂತ ಹೆಚ್ಚಿಗೆ ಇಲ್ಲ. "ನೀವು ಬ್ಯಾಂಕಿನವರು, ಏನು ನೋಡಿದ್ರೂ ಎನ್‌ಪಿಎನೇ ಕಾಣೋದು" ಅಂದೆಯಲ್ಲ, ಆಗ ಮೈ ಉರಿದುಹೋಯಿತು. ರಾತ್ರಿ ಪಾತ್ರೆ ತೊಳೆಯುವಾಗ ನೆನಪಾಗಿ ನಗು ಬಂತು. ಸಾಲ ವಿಭಾಗದಲ್ಲೇ ತಲೆ ನೆರೆಸಿಕೊಂಡವಳಿಗೆ ವಾಪಸಾಗದ ಸಾಲ ಬಿಟ್ಟು ಇನ್ನೇನು ಕಾಣಬೇಕು ಹೇಳು.

ಕಂಪನಿ ಯಾವುದು, ಗಣಿ ಎಲ್ಲಿ ಎನ್ನುವುದಕ್ಕಿಂತ ಮೊದಲು ನನಗೆ ಚುಚ್ಚಿದ್ದು ನೀನು ಹೇಳದೇ ಇದ್ದದ್ದು. ನಿನ್ನ ರಿಟರ್ನ್ ತುಂಬೋಣ ಅಂತ ನಿಮ್ಮಪ್ಪ ತೆರಿಗೆ ಇಲಾಖೆಯ 26ಎಎಸ್ ಪಟ್ಟಿ ತೆಗೆದರೆ ಅದರಲ್ಲಿ 80 ಸಾವಿರ ಟಿಸಿಎಸ್, ಅಂದರೆ ದುಡ್ಡು ಕಳಿಸುವಾಗಲೇ ಹಿಡಿದ ತೆರಿಗೆ, ಕೂತಿದೆ. ಹೋದ ವರ್ಷ ವಿದೇಶಕ್ಕೆ ಹೂಡಿಕೆಗೆಂದು ಕಳಿಸಿದ ದುಡ್ಡು 7 ಲಕ್ಷ ದಾಟಿದರೆ ದಾಟಿದ ಭಾಗಕ್ಕೆ ಶೇ 20 ಹಿಡಿಯುತ್ತಿದ್ದರು. ಈ ಏಪ್ರಿಲ್‌ನಿಂದ ಅದನ್ನು 10 ಲಕ್ಷಕ್ಕೆ ಏರಿಸಿದ್ದಾರೆ. 80 ಸಾವಿರ ಹಿಡಿದಿದ್ದಾರೆ ಎಂದರೆ ಹೋಗಿರುವುದು 11 ಲಕ್ಷ. ಇಷ್ಟು ಲೆಕ್ಕಕ್ಕೆ ನನಗೆ ಕ್ಯಾಲ್ಕುಲೇಟರ್ ಬೇಕಿಲ್ಲ. ನನ್ನ ಹತ್ತಿರ ಮುಚ್ಚಿಟ್ಟದ್ದನ್ನು ಆದಾಯ ತೆರಿಗೆಯವರ ಬಾಯಿಂದ ಕೇಳಬೇಕಾಯಿತು.

ಹೋದದ್ದು ನಿನ್ನ ಸಂಪಾದನೆ, ಅದರ ಬಗ್ಗೆ ಮಾತಿಲ್ಲ. ಈಗ ಫ್ಲ್ಯಾಟಿನ ಮುಂಗಡಕ್ಕೆ ಇಟ್ಟ ಎಫ್‌ಡಿ ಮುರಿದು, ಇಳಿದ ಬೆಲೆಗೆ ಅದೇ ಷೇರು ಇನ್ನಷ್ಟು ಕೊಂಡು "ಆವರೇಜ್ ಮಾಡ್ತೀನಿ" ಅನ್ನುತ್ತಿದ್ದೀಯಲ್ಲ, ನಾನು ಬರೆಯುತ್ತಿರುವುದು ಅದಕ್ಕೆ.

ನಿನಗೆ ವಿಷಯ ಗೊತ್ತಿಲ್ಲ ಅಂತ ನಾನು ಎಲ್ಲೂ ಅಂದಿಲ್ಲ. ನಿಮ್ಮ ಬ್ಯಾಟರಿ ಲ್ಯಾಬಿನಿಂದ ಒಂದು ಸಲ ಬೆರಳಗಲದ ತಾಮ್ರದ ಹಾಳೆ ತಂದಿದ್ದೆ, ಒಂದು ಮೈಗೆ ಕಪ್ಪು ಬಳಿದದ್ದು. "ಇದೇ ಅಮ್ಮ ಆನೋಡ್, ಬ್ಯಾಟರಿಯ ಒಂದು ತುದಿ, ಪೆನ್ಸಿಲ್ ಕಡ್ಡಿಯ ಗ್ರಾಫೈಟೇ ಇದು" ಅಂದಿದ್ದೆ. ನಿಮ್ಮಪ್ಪ ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಷೋಕೇಸಿನಲ್ಲಿಟ್ಟಿದ್ದಾರೆ. ಗ್ಯಾಸ್ ಸಿಲಿಂಡರ್ ತರುವ ಹುಡುಗನಿಗೂ ತೋರಿಸಿ ಆಯಿತು. ನಾನು ಹಾಗೆಲ್ಲ ತೋರಿಸುವುದಿಲ್ಲ, ಆದರೆ ಧೂಳು ಒರೆಸುವವಳು ನಾನೇ. ಲಿಥಿಯಂ ಬ್ಯಾಟರಿ ಎಂದು ಹೆಸರು, ಒಳಗೆ ಲಿಥಿಯಂಗಿಂತ ಗ್ರಾಫೈಟೇ ಎಷ್ಟೋ ಪಾಲು ಜಾಸ್ತಿ, ಒಂದು ಕಾರಿಗೆ 50 ಕಿಲೋಗೂ ಮೇಲೆ ಬೇಕಾಗಬಹುದು ಅಂತ ನೀನು ಹೇಳಿದ್ದು ನನಗೆ ಬಾಯಿಪಾಠ. ಆನೋಡಿಗೆ ಬೇಕಾದ ಹಾಗೆ ಉಂಡೆಗಟ್ಟಿಸಿ ಶುದ್ಧ ಮಾಡುವ ಕೆಲಸ ಶೇ 90ಕ್ಕೂ ಹೆಚ್ಚು ಚೀನಾದ ಕೈಯಲ್ಲಿದೆ ಅನ್ನುವುದೂ ಸರಿ. 2023ರ ಡಿಸೆಂಬರ್‌ನಿಂದ ಅವರು ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದರು, ಅದೂ ಸರಿ. ಹೋದ ತಿಂಗಳು ಅಮೆರಿಕ ಚೀನಾದ ಆನೋಡ್ ಗ್ರಾಫೈಟಿನ ಮೇಲೆ ಶೇ 93.5ರ ಪ್ರಾಥಮಿಕ ಸುಂಕ ಸಾರಿದ ದಿನ ಇಂಥ ಷೇರುಗಳೆಲ್ಲ ನೆಗೆದವು. ಎಲ್ಲ ನಿಜ ಕಣೇ. ನನಗೆ ಭಯ ಹುಟ್ಟಿಸುವುದೇ ಅದು.

ನಿನ್ನ ತಾತ ತೇಗಕ್ಕೆ ದುಡ್ಡು ಹಾಕಿದ್ದು ನಿನಗೆ ತಮಾಷೆಯ ಕಥೆಯಾಗಿ ಗೊತ್ತು. "ತಾತ ಮೋಸ ಹೋದರು" ಅಂತ ಒಂದೇ ಸಾಲಿನಲ್ಲಿ ಮುಗಿಸುತ್ತೀರಿ ಮೊಮ್ಮಕ್ಕಳೆಲ್ಲ. ಅದು ಹಾಗಿರಲಿಲ್ಲ.

ನೀನು ಹುಟ್ಟುವ ಮುಂಚೆ ಬೆಂಗಳೂರಿನ ತುಂಬ ಈ ತೇಗದ ಕಂಪನಿಗಳು. ಪೇಪರ್ ಬಿಚ್ಚಿದರೆ ಅವುಗಳದೇ ಜಾಹೀರಾತು. ತಾತನ ಹತ್ತಿರ ವಿಆರ್‌ಎಸ್ ದುಡ್ಡಿತ್ತು. ಹೊಳೆಯುವ ಪುಸ್ತಕ ಕೊಟ್ಟರು, ಅದರಲ್ಲಿ ಒಂದು ವರ್ಷದ ಗಿಡ, ಐದು ವರ್ಷದ ಮರ, ಇಪ್ಪತ್ತು ವರ್ಷಕ್ಕೆ ದಿಮ್ಮಿ, ಪಕ್ಕದಲ್ಲಿ ರೂಪಾಯಿ. ಸರ್ಟಿಫಿಕೇಟಿನಲ್ಲಿ ಮರದ ನಂಬರೇ ಇತ್ತು. ಕನಕಪುರ ದಾಟಿ ಸಾತನೂರಿನ ಕಡೆ ತೋಟ. ಭಾನುವಾರ ಬಂದರೆ ಬುತ್ತಿಗೆ ಚಿತ್ರಾನ್ನ ಕಟ್ಟಿಸಿಕೊಂಡು, ಅಜ್ಜಿ ರವಿಕೆ ಅಳೆಯುವ ಟೇಪು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತೋರು. ಒಂದೆರಡು ಸಲ ನನ್ನನ್ನೂ ಕರಕೊಂಡು ಹೋಗಿದ್ದರು. ಬಿಳಿ ಬಣ್ಣದಲ್ಲಿ ನಂಬರು ಬರೆದ ಮರದ ಮುಂದೆ ನಿಂತು, ಎದೆಯ ಮಟ್ಟಕ್ಕೆ ಟೇಪು ಸುತ್ತಿ, ಸುತ್ತಳತೆಯನ್ನು ಡೈರಿಯಲ್ಲಿ ಬರೆದುಕೊಳ್ಳೋರು. ಚಿಗುರೆಲೆ ಕಿತ್ತು ನನ್ನ ಅಂಗೈಯಲ್ಲಿ ಉಜ್ಜಿ, "ನೋಡು, ಕೆಂಪಗಾಯ್ತು, ಒರಿಜಿನಲ್ ತೇಗ" ಅನ್ನೋರು.

ಒರಿಜಿನಲ್ಲೇ. ಮರ ಇತ್ತು. ಪ್ರತಿ ಸಲವೂ ಅಳತೆ ಹೆಚ್ಚುತ್ತಲೇ ಇತ್ತು, ಆ ಡೈರಿ ಈಗಲೂ ಅಟ್ಟದ ಮೇಲಿದೆ. ಕೈಕೊಟ್ಟದ್ದು ಮರವಲ್ಲ. ಮಧ್ಯೆ ಕಂಪನಿಗೆ ದುಡ್ಡು ಸಾಲದೆ ಬಂದು, ತೋಟದ ಜಮೀನನ್ನೇ ಅಡವಿಟ್ಟು ಸಾಲ ಎತ್ತಿದ್ದರು. ತಾತನಂಥವರು ಮರದ ನಂಬರು ಹಿಡಿದು ಕೂತಿದ್ದರು, ಜಮೀನಿನ ಮೇಲಿನ ಮೊದಲ ಹಕ್ಕು ಸಾಲ ಕೊಟ್ಟವನದು. ಷೇರುಪೇಟೆಯ ನಿಯಂತ್ರಕ ಸೆಬಿ ಇಂಥ ಯೋಜನೆಗಳಿಗೆ ಕಟ್ಟುನಿಟ್ಟಿನ ನಿಯಮ ತಂದದ್ದು 1999ರಲ್ಲಿ. ಅಷ್ಟರಲ್ಲಿ ಆ ಕಂಪನಿಯ ಆಫೀಸಿಗೆ ಬೀಗ ಬಿದ್ದಿತ್ತು. ಬೀಗ ಬಿದ್ದ ಮೇಲೂ ತಾತ ಟೇಪು ತಗೊಂಡು ಹೋಗಿ ಬರುತ್ತಿದ್ದರು. ಬೇಲಿ ಹಾಕಿ ಕಾವಲುಗಾರ ಒಳಗೆ ಬಿಡದೆ ಹೋದಾಗ ಬೇಲಿಯ ಆಚೆಯಿಂದ ನೋಡಿ ಬಂದರಂತೆ. ಮನೆಗೆ ಬಂದು ಅಜ್ಜಿಗೆ ಹೇಳಿದ್ದು, "ಚೆನ್ನಾಗಿ ಬಂದಿದೆ ಕಣೇ ಮರ."

ನಾನು ಆಗತಾನೆ ಬ್ಯಾಂಕಿನ ಸಾಲ ವಿಭಾಗಕ್ಕೆ ಹೋಗಿದ್ದೆ. ಫಸ್ಟ್ ಚಾರ್ಜ್, ಆ ಮೊದಲ ಹಕ್ಕು, ಎಂದರೇನು ಅಂತ ಟ್ರೇನಿಂಗ್‌ನಲ್ಲಿ ಹೇಳಿಕೊಟ್ಟಾಗ ನನಗೆ ಬೇರೆ ಉದಾಹರಣೆ ಬೇಕಾಗಲಿಲ್ಲ.

ಈಗ ನಿನ್ನ ಕಂಪನಿ. ನೀನು ಕಳಿಸಿದ ಪಿಡಿಎಫ್ ಪೂರ್ತಿ ಓದಿದೆ, ಕನ್ನಡಕ ಎರಡು ಸಲ ಒರೆಸಿಕೊಂಡು. ನೀನು ನೋಡಿದ್ದು ನಿಕ್ಷೇಪ ಎಷ್ಟು ಟನ್, ಅದಿರಿನಲ್ಲಿ ಗ್ರಾಫೈಟ್ ಶೇಕಡಾ ಎಷ್ಟು ಅಂತ. ನಾವು ಪ್ರಾಜೆಕ್ಟ್ ರಿಪೋರ್ಟ್ ಕೈಗೆ ಬಂದರೆ ನೇರ ‘ಮೀನ್ಸ್ ಆಫ್ ಫೈನಾನ್ಸ್’ ಪುಟಕ್ಕೆ ಹೋಗುತ್ತಿದ್ದೆವು. ಗಣಿ ಕಟ್ಟಲು ಇಷ್ಟು ಬೇಕು, ಸರಿ. ಅದರಲ್ಲಿ ಸಾಲ ಎಷ್ಟು, ಪ್ರಮೋಟರ್ ಕೈಯಿಂದ ಎಷ್ಟು, ಉಳಿದದ್ದು ಎಲ್ಲಿಂದ? ಆ ಪುಟದಲ್ಲಿ ಇರುವುದು "ಮಾತುಕತೆ ನಡೆಯುತ್ತಿದೆ" ಎಂಬರ್ಥದ ನಾಲ್ಕು ಸಾಲು. ಗಣಿಯಿಂದ ಒಂದು ಬುಟ್ಟಿ ಅದಿರೂ ಬಂದಿಲ್ಲ, ಅಂದರೆ ಆದಾಯ ಸೊನ್ನೆ. ಕೊರೆಯುವವರಿಗೆ, ವರದಿ ಬರೆಯುವವರಿಗೆ, ಡೈರೆಕ್ಟರುಗಳಿಗೆ ಸಂಬಳ ಬರುವುದು ಹೊಸ ಷೇರು ಮಾರಿದ ದುಡ್ಡಿನಿಂದ. ಅಮೆರಿಕದ ಸುಂಕದ ಸುದ್ದಿಗೆ ಬೆಲೆ ಏರಿದ ತಕ್ಷಣ ಅವರು ಮಾಡಿದ್ದು ಏನು? ಮಾರುಕಟ್ಟೆಗಿಂತ ಕಡಿಮೆ ಬೆಲೆಗೆ ಹೊಸ ಷೇರು ಬಿಟ್ಟರು. ಬೆಲೆ ಇಳಿಯಿತು, ನಿನಗೆ ಅದು ಅಗ್ಗವಾಗಿ ಕಂಡಿತು. ನಿನ್ನ ಕೈಲಿರುವ ಷೇರಿನ ಸಂಖ್ಯೆ ಅಷ್ಟೇ ಇದೆ, ಕಂಪನಿಯಲ್ಲಿ ನಿನ್ನ ಪಾಲು ಸಣ್ಣದಾಯಿತು. ಹಣಕಾಸು ಕೂಡಿಬರುವ ತನಕ ಇದು ಮತ್ತೆ ಮತ್ತೆ ಆಗುತ್ತದೆ. ಕಳ್ಳತನವಲ್ಲ, ಗಣಿ ಕಟ್ಟುವ ಸಣ್ಣ ಕಂಪನಿಗಳು ಬದುಕುವುದೇ ಹಾಗೆ.

ಖರೀದಿದಾರರು ಸಿಕ್ಕಿದ್ದಾರೆ ಅಂದೆ. ಅದು ಎಂಒಯು, ಎರಡು ಕಡೆಯವರನ್ನೂ ಕಟ್ಟಿಹಾಕುವುದಿಲ್ಲ ಅಂತ ಅದೇ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿದೆ. ಬೆಲೆಯ ಅಂದಾಜೂ ನೋಡಿದೆ. ದೊಡ್ಡ ಪದರದ ಗ್ರಾಫೈಟಿಗೆ ಒಳ್ಳೆಯ ಬೆಲೆ, ಬ್ಯಾಟರಿಗೆ ಹೋಗುವ ಸಣ್ಣ ಪುಡಿಗೆ ಕಡಿಮೆ, ಎರಡೂ ಸೇರಿಸಿ ಒಂದು ಸರಾಸರಿ ಹಾಕಿದ್ದಾರೆ. ನಿನ್ನ ಬ್ಯಾಟರಿ ಕಥೆಗೂ ಅವರ ಲಾಭದ ಲೆಕ್ಕಕ್ಕೂ ಮಧ್ಯೆ ಎಷ್ಟು ದೂರವಿದೆ ಅನ್ನುವುದನ್ನು ನೀನೇ ನೋಡು, ನನಗಿಂತ ನಿನಗೆ ಚೆನ್ನಾಗಿ ಗೊತ್ತಾಗುತ್ತದೆ. ಗಣಿಯೇ ಬೇಡದ ಕೃತಕ ಗ್ರಾಫೈಟ್ ಬೇರೆ ಇದೆ. ನಮ್ಮ ಬಳ್ಳಾರಿ ಸೀಮೆಯಲ್ಲೇ ಎಪ್ಸಿಲಾನ್‌ನವರು ಕಲ್ಲಿದ್ದಲ ಡಾಂಬರಿನಿಂದ ಅದನ್ನು ಮಾಡಲು ಹೊರಟಿದ್ದಾರೆ ಅಂತ ಹೇಳಿದವಳು ನೀನೇ. ಸೋಡಿಯಂ ಬ್ಯಾಟರಿಯಲ್ಲಿ ಗ್ರಾಫೈಟಿನ ಜಾಗಕ್ಕೆ ಹಾರ್ಡ್ ಕಾರ್ಬನ್ ಅಂತ ಹೇಳಿದವಳೂ ನೀನೇ. ದುಡ್ಡು ಹಾಕುವಾಗ ಮಾತ್ರ ಇವೆಲ್ಲ ಮರೆತುಹೋದವೋ?

ಪಾಠ ಶುರುವಾಯಿತು ಅಂತ ಕಾಗದ ಮಡಚಬೇಡ. ಇನ್ನು ಒಂದೇ ಒಂದು.

ಮೊಜಾಂಬಿಕ್‌ನ ಬಾಲಾಮ ಗಣಿ. ಸಿರಾ ಎಂಬ ಆಸ್ಟ್ರೇಲಿಯಾದ ಕಂಪನಿಯದು. ನಿನ್ನ ಕಂಪನಿ ಎಲ್ಲಿಗೆ ತಲುಪಬೇಕು ಅಂತ ನೀನು ಕನಸು ಕಾಣುತ್ತೀಯೋ ಅವರು ಅಲ್ಲಿಗೆ ತಲುಪಿದವರು. ಗಣಿ ಕಟ್ಟಿದರು, 2017ರ ಕೊನೆಗೆ ಗ್ರಾಫೈಟ್ ಹೊರಗೆ ಬಂತು. ಆಮೇಲೆ ಬೆಲೆ ಬಿದ್ದು 2019ರಲ್ಲಿ ಉತ್ಪಾದನೆ ಇಳಿಸಬೇಕಾಯಿತು, 2020ರಲ್ಲಿ ಕೋವಿಡ್‌ಗೆ ನಿಂತಿತು. 2021ರಲ್ಲಿ ಟೆಸ್ಲಾ ಜೊತೆ ಒಪ್ಪಂದವಾಯಿತು. ಲೂಸಿಯಾನದಲ್ಲಿ ಆನೋಡ್ ಕಾರ್ಖಾನೆಗೆ ಅಮೆರಿಕ ಸರ್ಕಾರದ ಸಾಲವೂ ಸಿಕ್ಕಿತು. ಹೋದ ಡಿಸೆಂಬರ್‌ನಲ್ಲಿ ಮೊಜಾಂಬಿಕ್‌ನ ಗಲಭೆಯಿಂದ ಗಣಿಗೆ ಹೋಗಲಾಗದೆ ಫೋರ್ಸ್ ಮಜೂರ್, ಅಂದರೆ ಕೈಮೀರಿದ ಕಾರಣಕ್ಕೆ ಒಪ್ಪಂದ ಪೂರೈಸಲಾಗದು ಅಂತ, ಘೋಷಿಸಿದರು. 2016ರಲ್ಲಿ ಐದು ಆಸ್ಟ್ರೇಲಿಯನ್ ಡಾಲರಿನ ಮೇಲಿದ್ದ ಷೇರು ಈ ವರ್ಷದ ಆರಂಭದಲ್ಲಿ ಅರ್ಧ ಡಾಲರಿಗೂ ಕೆಳಗಿತ್ತು. ಗಣಿ ಸುಳ್ಳಲ್ಲ, ಟೆಸ್ಲಾ ಸುಳ್ಳಲ್ಲ. 2016ರಲ್ಲಿ ಷೇರು ಕೊಂಡು ಇಟ್ಟುಕೊಂಡವರು ಏನಾದರು?

ತಾತನಿಗೂ ಯಾರೂ ಸುಳ್ಳು ಹೇಳಿರಲಿಲ್ಲ, ಪುಟ್ಟಿ. ತೇಗಕ್ಕೆ ಬೆಲೆ ಬಂದೇ ಬಂತು. ಬರುವ ಹೊತ್ತಿಗೆ ಅದು ತಾತನದಾಗಿರಲಿಲ್ಲ. ನಿನ್ನ ಗಣಿಯೂ ಒಂದು ದಿನ ಆಗಬಹುದು. ಅಷ್ಟರಲ್ಲಿ ಸಾಲ ಕೊಟ್ಟ ಬ್ಯಾಂಕುಗಳು, ಕಡಿಮೆ ಬೆಲೆಗೆ ಹೊಸ ಷೇರು ಕೊಂಡ ದೊಡ್ಡ ಫಂಡುಗಳು, ಕೊನೆಗೆ ಗಣಿಯನ್ನೇ ನುಂಗುವ ಇನ್ನೊಂದು ಕಂಪನಿ, ಇವರೆಲ್ಲ ಮುಂದೆ. ನೀನು ಎಲ್ಲರಿಗಿಂತ ಮೊದಲು ಬಂದವಳು, ಪಾಲು ಸಿಗುವಾಗ ಎಲ್ಲರಿಗಿಂತ ಹಿಂದೆ. ನಾನು ಮುಂದಿನ ಸಾಲಿನಲ್ಲಿ ಕೂತು ಕೆಲಸ ಮಾಡಿದವಳು. ಹಿಂದೆ ನಿಂತವರ ಮುಖ ನೋಡಿದ್ದೇನೆ, ಅದರಲ್ಲಿ ಒಂದು ಮುಖ ನನ್ನ ಅಪ್ಪನದು. ನಿನ್ನ ಮುಖ ಅಲ್ಲಿ ನೋಡುವ ಶಕ್ತಿ ನನಗಿಲ್ಲ. ಇದನ್ನು ಹಬ್ಬದ ದಿನವೇ ಹೇಳಬೇಕಿತ್ತು, ಬಾಯಿಗೆ ಬಂದದ್ದು ಬೇರೆ.

ಹಾಕಿರುವ 11 ಲಕ್ಷ ತೆಗಿ ಅನ್ನುವುದಿಲ್ಲ. ಇರಲಿ. ಕೆಲಸದ ಮೇಲಿನ ಪ್ರೀತಿಗೆ ಅಷ್ಟು ಹಾಕಿದೆ ಅಂದುಕೊಳ್ಳೋಣ. ಈ ಮಾತನ್ನು ನಿಮ್ಮಪ್ಪನಿಗೆ ಹೇಳಬೇಡ, ಅವರು ಆಗಲೇ ಷೇರಿನ ಚಾರ್ಟ್ ನೋಡಲು ಕಲಿಯುತ್ತಿದ್ದಾರೆ. ಎಫ್‌ಡಿ ಮಾತ್ರ ಮುಟ್ಟಬೇಡ, ಕನಿಷ್ಠ ಸಾಲ ಎಲ್ಲಿಂದ ಬರುತ್ತದೆ, ಯಾವುದರ ಮೇಲೆ ಯಾರಿಗೆ ಮೊದಲ ಹಕ್ಕು ಅಂತ ಕಂಪನಿ ಬಾಯಿ ಬಿಡುವ ತನಕ. ಅದು ಗೊತ್ತಾದ ದಿನ ಕಾಗದಪತ್ರ ತಗೊಂಡು ಬಾ, ಇಬ್ಬರೂ ಕೂತು ಓದೋಣ. ಆಗಲೂ ನಿನಗೆ ಹಾಕಬೇಕು ಅನ್ನಿಸಿದರೆ ಹಾಕು, ನಾನು ದನಿ ಎತ್ತುವುದಿಲ್ಲ. ಪ್ರಯತ್ನ ಮಾಡುತ್ತೇನೆ ಅಂತ ಬರೆದರೆ ಹೆಚ್ಚು ನಿಜ.

ಇನ್ನೊಂದು ವಿಷಯ, ಇದು ತುರ್ತು. ವಿದೇಶಿ ಷೇರು ಇಟ್ಟುಕೊಂಡವರು ಐಟಿಆರ್-1 ತುಂಬುವ ಹಾಗಿಲ್ಲ, ಐಟಿಆರ್-2ರಲ್ಲಿ ವಿದೇಶಿ ಆಸ್ತಿಯ ಷೆಡ್ಯೂಲ್ ಎಫ್‌ಎ ತುಂಬಬೇಕು. ಅಲ್ಲಿ ಕೇಳುವುದು ಮಾರ್ಚ್ ಲೆಕ್ಕವಲ್ಲ, ಕ್ಯಾಲೆಂಡರ್ ವರ್ಷದ್ದು. ನೀನು ನವೆಂಬರ್‌ನಲ್ಲೇ ಕೊಂಡಿರುವುದರಿಂದ 2024ರ ಡಿಸೆಂಬರ್ 31ರ ಸ್ಟೇಟ್‌ಮೆಂಟ್ ಬೇಕು. ಆ ವರ್ಷದಲ್ಲಿ ಅತಿ ಹೆಚ್ಚು ಬೆಲೆ ಎಷ್ಟಿತ್ತು ಅನ್ನುವುದೂ ಬೇಕು. ಕೊಡದಿದ್ದರೆ ಕಪ್ಪುಹಣದ ಕಾಯ್ದೆಯವರೆಗೂ ಹೋಗಬಹುದು. ಈ ಸಲ ಗಡುವು ಸೆಪ್ಟೆಂಬರ್ 15. ಆ 80 ಸಾವಿರವನ್ನು ನಿನ್ನ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಬಿಟ್ಟುಬಿಡಬೇಡ. ಬ್ರೋಕರ್ ಖಾತೆಗೆ ನಾಮಿನಿ ಹಾಕಲು ಬರುತ್ತದೋ ಇಲ್ಲವೋ ವಿಚಾರಿಸು. ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಸ್ಟೇಟ್‌ಮೆಂಟನ್ನು ನಿಮ್ಮಪ್ಪನಿಗೆ ಮೇಲ್ ಮಾಡು.

ಇತಿ,
ನಿನ್ನ ಅಮ್ಮ